ಕಮಿಷನ್ ಲಿಂಕ್ ಇಟ್ಟೂ ನಿಜ ಬರೆಯುವುದು ಹೇಗೆ? ಉತ್ಪನ್ನಗಳ ಬಗ್ಗೆ ಬರೆಯುವವರಿಗೆ ಹಂತ ಹಂತದ ಮಾರ್ಗದರ್ಶಿ

‘ಕೊರತೆ ಬರೆದರೆ ಯಾರು ಕೊಳ್ಳುತ್ತಾರೆ?’ ‘ಒಳ್ಳೆಯದನ್ನಷ್ಟೇ ಬರೆದರೆ ಮೋಸ ಮಾಡಿದ ಹಾಗಾಗುವುದಿಲ್ಲವೇ?’ ಕನ್ನಡದಲ್ಲಿ ಉತ್ಪನ್ನಗಳ ಬಗ್ಗೆ ಬರೆಯಲು, ವಿಡಿಯೊ ಮಾಡಲು ಹೊರಟವರಿಂದ ನನಗೆ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಇವೆರಡೇ. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಉತ್ತರಿಸುವ ಬದಲು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಹೊಸಬರಿಗಾಗಿ ಮೊದಲು ಒಂದೆರಡು ಪದಗಳ ಅರ್ಥ. ಅಫಿಲಿಯೇಟ್ ಲಿಂಕ್ ಎಂದರೆ ನಿಮ್ಮ ಗುರುತಿನ ಸಂಕೇತ ಸೇರಿಸಿದ ಅಂಗಡಿಯ ಲಿಂಕ್. ಓದುಗರು ಅದನ್ನು ಒತ್ತಿ ಹೋಗಿ ಕೊಂಡರೆ ಮಾರಾಟದಲ್ಲಿ ಒಂದು ಪಾಲು ಕಮಿಷನ್ ಆಗಿ ನಿಮಗೆ ಬರುತ್ತದೆ. ಅಮೆಜಾನ್ ಈ ಏರ್ಪಾಟನ್ನು 1996ರಲ್ಲೇ ಶುರುಮಾಡಿತ್ತು. ಕುಕಿ ಎಂದರೆ ಓದುಗರು ನಿಮ್ಮಿಂದ ಬಂದವರು ಎಂದು ಅವರ ಬ್ರೌಸರ್ ನೆನಪಿಟ್ಟುಕೊಳ್ಳುವ ಸಣ್ಣ ಗುರುತು. ಅಮೆಜಾನ್‌ನಲ್ಲಿ ಅದರ ಆಯಸ್ಸು ಸಾಮಾನ್ಯವಾಗಿ 24 ಗಂಟೆ. ಕೊಂಡವರು ಸಾಮಾನನ್ನು ಹಿಂತಿರುಗಿಸಿದರೆ ನಿಮ್ಮ ಲೆಕ್ಕದಿಂದ ಆ ಕಮಿಷನ್ ಕಳೆದುಹೋಗುತ್ತದೆ. ಈ ಕೊನೆಯ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ನಮ್ಮ ಬೀದಿಗಳಲ್ಲಿ ಈಗಲೂ ಇಂಥ ದಿನಸಿ ಅಂಗಡಿಯವರು ಇದ್ದಾರೆ: ‘ಈ ಸಲ ಬಂದ ತೊಗರಿಬೇಳೆ ಬೇಯ್ತಿಲ್ಲ ಅಕ್ಕ, ಮುಂದಿನ ವಾರ ಹೊಸ ಮೂಟೆ ಬರುತ್ತೆ, ಆಗ ತಗೊಳ್ಳಿ.’ ಅವರು ವ್ಯಾಪಾರಕ್ಕೇ ಕೂತವರು, ಲಾಭ ಇಟ್ಟುಕೊಂಡೇ ಮಾರುತ್ತಾರೆ, ಅದು ನಮಗೆ ಗೊತ್ತು. ಆದರೂ ಮುಂದಿನ ವಾರ ಅದೇ ಅಂಗಡಿಗೆ ಹೋಗುತ್ತೇವೆ, ಅವರು ‘ಇದು ಚೆನ್ನಾಗಿದೆ’ ಎಂದದ್ದನ್ನು ಎರಡನೇ ಮಾತಿಲ್ಲದೆ ತರುತ್ತೇವೆ. ಹೊಗಳುವುದೂ ನಿಜ ಹೇಳುವುದೂ ಒಂದಕ್ಕೊಂದು ಎದುರಲ್ಲ. ಓದುಗರ ದುಡ್ಡು ಹಾಳಾಗುವುದು, ಗೊತ್ತಿದ್ದೂ ನೀವು ಬರೆಯದೆ ಬಿಟ್ಟ ಮಾತಿನಿಂದ. ಈ ಲೇಖನವೆಲ್ಲ ಆ ಬಿಟ್ಟ ಮಾತಿನ ಬಗ್ಗೆಯೇ.

ಬೇಕಾಗುವುದು ಇಷ್ಟು: ಬರೆಯಲಿರುವ ವಸ್ತು ನಿಮ್ಮ ಕೈಯಲ್ಲೇ ಇರಬೇಕು, ದಿನಾಂಕ ಹಾಕಿ ಬರೆಯಲು ಒಂದು ನೋಟ್‌ಬುಕ್, ಫೋಟೊ ತೆಗೆಯಲು ಫೋನ್, ಕೊಂಡ ಬಿಲ್ಲು, ಮತ್ತು ಕಮಿಷನ್ ಕೊಡುವ ಕಂಪನಿಯ ಒಪ್ಪಂದವನ್ನು ಪೂರ್ತಿ ಓದುವ ತಾಳ್ಮೆ. ಉದಾಹರಣೆಗೆ ಮಿಕ್ಸಿಯನ್ನೇ ಇಟ್ಟುಕೊಳ್ಳೋಣ. ಎಲ್ಲರ ಮನೆಯಲ್ಲೂ ಇರುವ ವಸ್ತು, ಅದರ ಒಳಿತು ಕೆಡುಕು ಎಲ್ಲರಿಗೂ ಅರ್ಥವಾಗುತ್ತದೆ.

1. ಏನನ್ನು ಬರೆಯುವುದಿಲ್ಲ ಎಂದು ಮೊದಲೇ ತೀರ್ಮಾನಿಸಿ

ಕೆಲವು ವಸ್ತುಗಳಿಗೆ ಕಮಿಷನ್ ಹೆಚ್ಚು, ಅವು ತರುವ ಹಾನಿಯೂ ಹೆಚ್ಚು. ಸಕ್ಕರೆ ಕಾಯಿಲೆ ಗುಣಪಡಿಸುತ್ತದೆ ಎನ್ನುವ ಪುಡಿಯನ್ನು ನೀವು ಎಷ್ಟೇ ವಿನಯದಿಂದ ಪ್ರಚಾರ ಮಾಡಿದರೂ ಅದು ಅಪರಾಧ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ಮಧುಮೇಹವೂ ಸೇರಿದಂತೆ ಹಲವು ಕಾಯಿಲೆಗಳಿಗೆ ಹೀಗೆ ಜಾಹೀರಾತು ನೀಡುವುದನ್ನು ನಿಷೇಧಿಸಿದೆ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳ ರೆಫರಲ್ ಲಿಂಕ್‌ಗಳೂ ಬೇಡ. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಆ ಆಟಗಳ ಜತೆಗೆ ಅವುಗಳ ಜಾಹೀರಾತನ್ನೂ ನಿಷೇಧಿಸುತ್ತದೆ. ಷೇರು ಟಿಪ್ಸ್ ಕೊಡುವ ಆ್ಯಪ್‌ಗಳಿಂದಲೂ ದೂರವಿರಿ. ಷೇರು ಮಾರುಕಟ್ಟೆಯ ನಿಯಂತ್ರಣ ಸಂಸ್ಥೆಯಾದ ಸೆಬಿಯಲ್ಲಿ ನೋಂದಣಿಯಿಲ್ಲದೆ ಹೂಡಿಕೆ ಸಲಹೆ ಕೊಡುವಂತಿಲ್ಲ.

ಇವನ್ನೆಲ್ಲ ಬದಿಗಿಟ್ಟ ಮೇಲೆ ಉಳಿಯುವ ನಿಯಮ ಒಂದೇ: ಬಳಸದ್ದನ್ನು ಬರೆಯಬೇಡಿ. ಇದು ನನ್ನ ಸ್ವಂತ ಆದರ್ಶವಷ್ಟೇ ಅಲ್ಲ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿ 20ರಂದು ‘ಎಂಡಾರ್ಸ್‌ಮೆಂಟ್ಸ್ ನೋ-ಹೌಸ್’ ಎಂಬ ಕೈಪಿಡಿ ಹೊರಡಿಸಿತು. ತಾವೇ ಬಳಸದ, ಸರಿಯಾಗಿ ಪರಿಶೀಲಿಸದ ವಸ್ತುವನ್ನು ಶಿಫಾರಸು ಮಾಡಬಾರದು ಎಂದು ಅದರಲ್ಲಿ ಸ್ಪಷ್ಟವಾಗಿ ಹೇಳಿದೆ. ಅಂಗಡಿ ಪುಟದಲ್ಲಿರುವ ವಿವರಗಳನ್ನು ಕನ್ನಡಕ್ಕೆ ತಿರುಗಿಸಿ ‘ವಿಮರ್ಶೆ’ ಎಂದು ಹೆಸರಿಡುವವರು ಮೊದಲ ಹಂತದಲ್ಲೇ ಎಡವಿದ್ದಾರೆ.

2. ಬಳಸಿ, ಅಳೆದು, ಬರೆದಿಡಿ

ಹೆಚ್ಚು ಸಮಯ ಬೇಡುವ ಹಂತ ಇದು. ಇಲ್ಲಿ ಆತುರಪಟ್ಟರೆ ಮುಂದಿನದೆಲ್ಲ ಬರಿಯ ಮಾತಾಗುತ್ತದೆ.

ಮಿಕ್ಸಿ ಬಂದ ದಿನವೇ ಬರೆಯಲು ಕೂರಬೇಡಿ. ಕನಿಷ್ಠ ಒಂದು ತಿಂಗಳು ಮನೆಯ ಅಡುಗೆಗೆ ಅದನ್ನೇ ಬಳಸಿ. ದೋಸೆಗೆ ಮೂರು ಪಾವು ಅಕ್ಕಿ, ಒಂದು ಪಾವು ಉದ್ದು ನೆನೆಸಿ ರುಬ್ಬಿ. ಎಷ್ಟು ಸಲವಾಗಿ ರುಬ್ಬಬೇಕಾಯಿತು, ಒಟ್ಟು ಎಷ್ಟು ನಿಮಿಷ ಹಿಡಿಯಿತು, ಹಿಟ್ಟು ಮುಟ್ಟಿದರೆ ಬಿಸಿ ಇತ್ತೇ, ಉದ್ದು ನುಣ್ಣಗಾಯಿತೇ ತರಿಯಾಗಿ ಉಳಿಯಿತೇ, ಎಲ್ಲವನ್ನೂ ಬರೆದಿಡಿ. ಚಟ್ನಿ ಜಾರ್‌ನಲ್ಲಿ ಸ್ವಲ್ಪವೇ ಕಾಯಿತುರಿ ಹಾಕಿದಾಗ ಬ್ಲೇಡಿಗೆ ಸಿಗುತ್ತದೆಯೇ, ಗೋಡೆಗೆ ಅಂಟಿ ಕೂರುತ್ತದೆಯೇ? ಹುರಿದ ಕೊತ್ತಂಬರಿ, ಮೆಣಸಿನಕಾಯಿ ಪುಡಿ ಮಾಡುವಾಗ ಮುಚ್ಚಳದ ಸಂದಿಯಿಂದ ಪುಡಿ ಹಾರುತ್ತದೆಯೇ? ಅರಿಸಿನ ರುಬ್ಬಿದ ಮೇಲೆ ಜಾರ್‌ನ ವಾಷರ್ ಬಣ್ಣ ಕಟ್ಟುತ್ತದೆಯೇ, ಅದನ್ನು ಬಿಚ್ಚಿ ತೊಳೆಯಲು ಬರುತ್ತದೆಯೇ?

ತಳದ ಲೇಬಲ್‌ನಲ್ಲೋ ಕೈಪಿಡಿಯಲ್ಲೋ ಎಷ್ಟು ನಿಮಿಷ ಓಡಿಸಿ ಎಷ್ಟು ನಿಮಿಷ ಬಿಡಬೇಕು ಎಂದು ಬರೆದಿರುತ್ತದೆ. ಅದನ್ನು ಮೀರಿ ಓಡಿಸಿ ‘ಮೋಟಾರ್ ಬಿಸಿಯಾಗುತ್ತದೆ’ ಎಂದು ದೂರುವುದು ಕಂಪನಿಗೆ ಅನ್ಯಾಯ. ಆದರೆ ಆ ಮಿತಿಯೊಳಗೇ ಓವರ್‌ಲೋಡ್ ಸ್ವಿಚ್, ಅಂದರೆ ತಳದಲ್ಲಿರುವ ಆ ಕೆಂಪು ಗುಂಡಿ, ಹಾರುತ್ತಿದ್ದರೆ ಅದನ್ನು ಬರೆಯಲೇಬೇಕು. ಐಎಸ್‌ಐ ಗುರುತಿದ್ದರೆ ಅದರ ಜತೆಗಿರುವ ಲೈಸೆನ್ಸ್ ಸಂಖ್ಯೆಯನ್ನು ಆ ಗುರುತು ಕೊಡುವ ಸರ್ಕಾರಿ ಸಂಸ್ಥೆಯ ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಹಾಕಿ ನಿಜವೇ ಎಂದು ನೋಡಿ. ಎರಡು ನಿಮಿಷದ ಕೆಲಸ.

ಇನ್ನೊಂದು ವಿಷಯವನ್ನು ಬಹಳ ಜನ ಬಿಟ್ಟುಬಿಡುತ್ತಾರೆ: ಸರ್ವಿಸ್ ಸೆಂಟರ್. ಬೆಂಗಳೂರಿನಲ್ಲಿ ಕೂತು ‘ಸರ್ವಿಸ್ ಚೆನ್ನಾಗಿದೆ’ ಎಂದು ಬರೆದರೆ ಶಿರಸಿಯ ಓದುಗರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿ ನಾಲ್ಕೈದು ಜಿಲ್ಲೆಗಳಲ್ಲಿ ಎಲ್ಲೆಲ್ಲಿ ಸೆಂಟರ್ ಇದೆ, ಕಪ್ಲರ್ (ಜಾರ್ ಅನ್ನು ಮೋಟಾರಿಗೆ ಜೋಡಿಸುವ ಭಾಗ) ಮತ್ತು ವಾಷರ್ ಬಿಡಿಯಾಗಿ ಸಿಗುತ್ತವೆಯೇ ಎಂದು ಕೇಳಿ. ಕೇಳಿದ ದಿನಾಂಕವನ್ನೂ ಹಾಕಿ.

ಈ ನೋಟ್‌ಬುಕ್, ಬಿಲ್ಲು, ಫೋಟೊಗಳನ್ನು ಎಸೆಯಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 21ನೇ ಕಲಂ ಪ್ರಕಾರ, ದಾರಿತಪ್ಪಿಸುವ ಜಾಹೀರಾತಿನಲ್ಲಿ ಶಿಫಾರಸು ಮಾಡಿದವರಿಗೂ ಮೊದಲ ಸಲ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಒಂದು ವರ್ಷ, ಮತ್ತೆ ತಪ್ಪಿದರೆ ಮೂರು ವರ್ಷದವರೆಗೆ ಯಾವುದನ್ನೂ ಶಿಫಾರಸು ಮಾಡದಂತೆ ತಡೆಯಬಹುದು. ಆದರೆ ಹೇಳಿಕೆ ನಿಜವೇ ಎಂದು ತಕ್ಕಷ್ಟು ಪರಿಶೀಲಿಸಿದವರಿಗೆ ಅದೇ ಕಲಂ ರಕ್ಷಣೆಯನ್ನೂ ಕೊಡುತ್ತದೆ. ಪರಿಶೀಲಿಸಿದ್ದೀರಿ ಎಂಬುದಕ್ಕೆ ಸಾಕ್ಷಿ ನಿಮ್ಮ ಈ ಟಿಪ್ಪಣಿಗಳೇ.

3. ‘ಇದು ಯಾರಿಗೆ ಬೇಡ’ ಎಂಬ ಭಾಗವನ್ನು ಮೊದಲು ಬರೆಯಿರಿ

ಲೇಖನದಲ್ಲಿ ಅದು ಎಲ್ಲಿ ಬೇಕಾದರೂ ಬರಲಿ, ಬರೆಯುವಾಗ ಮಾತ್ರ ಮೊದಲು ಬರಬೇಕು. ಹೊಗಳಿಕೆ ಬರೆದು ಮುಗಿಸಿದ ಮೇಲೆ ಕೊರತೆಗೆ ಕೈ ಹಾಕಿದರೆ ಪೆನ್ನು ತಾನಾಗಿ ಮೆತ್ತಗಾಗುತ್ತದೆ. ಒಮ್ಮೆ ಒಂದು ಜಾರ್‌ನ ಮುಚ್ಚಳ ಸೋರುವುದು ನನಗೆ ಗೊತ್ತಿತ್ತು. ಸಣ್ಣ ವಿಷಯ ಎಂದು ಬಿಟ್ಟಿದ್ದೆ. ಕೊಂಡ ಓದುಗರೊಬ್ಬರು ‘ನಿಮಗೆ ಇದು ಕಾಣಲಿಲ್ಲವೇ?’ ಎಂದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ಈ ಕ್ರಮ.

ಬರೆಯುವ ರೀತಿ ಹೀಗಿರಲಿ:

‘ದಿನವೂ ಆರೇಳು ಜನಕ್ಕೆ ದೋಸೆ ಹಿಟ್ಟು ರುಬ್ಬುವ ಮನೆಯಾದರೆ ಈ ಮಿಕ್ಸಿ ಬೇಡ. ಮೂರು ಸಲ ರುಬ್ಬಬೇಕಾಗುತ್ತದೆ, ಹಿಟ್ಟು ಬಿಸಿಯಾಗುತ್ತದೆ. ನಿಮಗೆ ಬೇಕಾದದ್ದು ಕಲ್ಲಿನ ಗ್ರೈಂಡರ್. ಇಬ್ಬರು ಮೂವರ ಮನೆ, ಚಟ್ನಿ, ಮಸಾಲೆ, ವಾರಕ್ಕೊಮ್ಮೆ ದೋಸೆ ಎಂದರೆ ಇದು ಸಾಕು, ಚೆನ್ನಾಗಿಯೇ ಇದೆ.’

ಇದರಲ್ಲಿ ಕೊರತೆಯೂ ಇದೆ, ಹೊಗಳಿಕೆಯೂ ಇದೆ, ಎರಡನ್ನೂ ಬೇರ್ಪಡಿಸಲು ಬರುವುದಿಲ್ಲ. ದೊಡ್ಡ ಮನೆಯವರು ಕೊಳ್ಳದೆ ಹೋಗುತ್ತಾರೆ. ಹೋಗಲಿ. ಕೊಂಡಿದ್ದರೂ ವಾರದೊಳಗೆ ಹಿಂತಿರುಗಿಸುತ್ತಿದ್ದರು, ಕಮಿಷನ್ ಕೂಡ ಹಿಂದಕ್ಕೆ ಹೋಗುತ್ತಿತ್ತು. ಚಿಕ್ಕ ಮನೆಯವರು ‘ಇದು ನಮಗಾಗಿಯೇ ಬರೆದ ಹಾಗಿದೆ’ ಎಂದು ಧೈರ್ಯದಿಂದ ಕೊಳ್ಳುತ್ತಾರೆ.

ಎಚ್ಚರಿಕೆ: ಕೊರತೆಯ ಹೆಸರಿನಲ್ಲಿ ಹೊಗಳಬೇಡಿ. ‘ಒಂದೇ ಸಮಸ್ಯೆ ಎಂದರೆ ಇದು ತುಂಬಾ ಪವರ್‌ಫುಲ್’ ಎಂಬ ವಾಕ್ಯವನ್ನು ಓದುಗರು ಬೇಕಾದಷ್ಟು ಸಲ ನೋಡಿದ್ದಾರೆ. ವೈರು ಗಿಡ್ಡ ಎಂದು ಬರೆದು, ಆರು ತಿಂಗಳಿಗೆ ಕಪ್ಲರ್ ಸವೆಯುವುದನ್ನು ಮುಚ್ಚಿಡುವುದೂ ಅದೇ ಜಾತಿಯದು. ನಿಮ್ಮ ತಂಗಿ ಇದನ್ನು ಕೊಳ್ಳಲು ಹೊರಟರೆ ಮೊದಲು ಏನು ಹೇಳುತ್ತಿದ್ದಿರಿ? ಅದೇ ದೊಡ್ಡ ಕೊರತೆ. ಅದನ್ನು ಬರೆಯಿರಿ.

4. ದುಡ್ಡಿನ ಸಂಬಂಧವನ್ನು ಕನ್ನಡದಲ್ಲಿ, ಮೇಲೆಯೇ ಹೇಳಿ

ಕನ್ನಡದ ಬಹುತೇಕ ಪುಟಗಳು ಎಡವುವುದು ಇಲ್ಲಿ. ಲೇಖನವೆಲ್ಲ ಕನ್ನಡದಲ್ಲಿ, ಕಮಿಷನ್ ವಿಷಯ ಮಾತ್ರ ಪುಟದ ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ. ಇಂಗ್ಲಿಷ್ ಓದಲು ಬರುವವರು ಹೇಗೂ ಅಂದಾಜು ಮಾಡಿಕೊಂಡಿರುತ್ತಾರೆ. ಆ ಮಾತು ಗೊತ್ತಾಗಲೇಬೇಕಾದವರಿಗೇ ಅದು ತಲುಪುವುದಿಲ್ಲ.

2023ರ ಕೈಪಿಡಿ ಇದನ್ನು ನೇರವಾಗಿ ಹೇಳುತ್ತದೆ: ಶಿಫಾರಸು ಯಾವ ಭಾಷೆಯಲ್ಲಿದೆಯೋ ಬಹಿರಂಗಪಡಿಸುವ ಮಾತೂ ಅದೇ ಭಾಷೆಯಲ್ಲಿರಬೇಕು, ಕಣ್ಣು ತಪ್ಪಿಸಿಕೊಳ್ಳದ ಹಾಗೆ ಇರಬೇಕು, ಹ್ಯಾಶ್‌ಟ್ಯಾಗ್ ಮತ್ತು ಲಿಂಕ್‌ಗಳ ಗುಂಪಿನಲ್ಲಿ ಕಳೆದುಹೋಗಬಾರದು. ವಿಡಿಯೊ ಆದರೆ ಪರದೆಯ ಮೇಲೂ ಬರೆದಿರಬೇಕು, ಬಾಯಲ್ಲೂ ಹೇಳಬೇಕು. ಲೈವ್ ಆದರೆ ಉದ್ದಕ್ಕೂ ಕಾಣುತ್ತಿರಬೇಕು. ಜಾಹೀರಾತು ಕ್ಷೇತ್ರದ ಸ್ವಯಂನಿಯಂತ್ರಣ ಸಂಸ್ಥೆ ಆಸ್ಕಿ 2021ರಲ್ಲೇ ಇನ್‌ಫ್ಲುಯೆನ್ಸರ್‌ಗಳಿಗಾಗಿ ಇಂಥದೇ ನಿಯಮಗಳನ್ನು ತಂದಿತ್ತು.

ದುಡ್ಡು ಬಂದರೆ ಮಾತ್ರ ಹೇಳಬೇಕು ಎಂದುಕೊಳ್ಳಬೇಡಿ. ಪುಕ್ಕಟೆ ಬಂದ ವಸ್ತು, ರಿಯಾಯಿತಿ, ಪ್ರವಾಸ, ಹೋಟೆಲ್ ವಾಸ, ಕಂಪನಿಯಲ್ಲಿ ಕೆಲಸ ಮಾಡುವ ನೆಂಟರು, ನೀವು ಕೇಳದೆಯೇ ಮನೆಗೆ ಬಂದ ಪಾರ್ಸೆಲ್, ಎಲ್ಲವನ್ನೂ ಕೈಪಿಡಿ ‘ಸಂಬಂಧ’ ಎಂದೇ ಲೆಕ್ಕ ಹಾಕುತ್ತದೆ.

ಮೊದಲ ಲಿಂಕ್‌ಗಿಂತ ಮೇಲೆ, ದೊಡ್ಡ ಅಕ್ಷರದಲ್ಲಿ, ಹೀಗೆ ಬರೆದರೆ ಸಾಕು:

‘ಈ ಮಿಕ್ಸಿಯನ್ನು ನನ್ನ ದುಡ್ಡಿನಲ್ಲೇ ಕೊಂಡಿದ್ದೇನೆ. ಕೆಳಗಿನ ಲಿಂಕ್ ಒತ್ತಿ ನೀವು ಕೊಂಡರೆ ಅಂಗಡಿಯವರು ನನಗೆ ಕಮಿಷನ್ ಕೊಡುತ್ತಾರೆ. ಅದಕ್ಕಾಗಿ ನಿಮ್ಮಿಂದ ಹೆಚ್ಚು ಬೆಲೆ ತೆಗೆದುಕೊಳ್ಳುವುದಿಲ್ಲ.’

ಪುಕ್ಕಟೆ ಬಂದಿದ್ದರೆ ಮೊದಲ ವಾಕ್ಯ ‘ಈ ಮಿಕ್ಸಿಯನ್ನು ಕಂಪನಿ ಪುಕ್ಕಟೆ ಕಳುಹಿಸಿದೆ’ ಎಂದಾಗಲಿ. ಬರೀ ‘ಅಫಿಲಿಯೇಟ್ ಲಿಂಕ್’ ಎಂದು ಬರೆದು ಕೈ ತೊಳೆದುಕೊಳ್ಳಬೇಡಿ, ಆ ಪದದ ಅರ್ಥ ಹೆಚ್ಚಿನವರಿಗೆ ಗೊತ್ತಿಲ್ಲ. ಅಮೆಜಾನ್ ತನ್ನ ಒಪ್ಪಂದದಲ್ಲಿ ಕೊಟ್ಟಿರುವ ಇಂಗ್ಲಿಷ್ ವಾಕ್ಯವನ್ನೂ ಇಡಬೇಕಾಗುತ್ತದೆ. ಕನ್ನಡದ ಮಾತಿನ ಜತೆಗೆ ಅದನ್ನೂ ಇಡಿ, ಕನ್ನಡ ತೆಗೆದು ಅದನ್ನೊಂದೇ ಇಡಬೇಡಿ. ಅಮೆರಿಕದಲ್ಲಿದ್ದು ಅಲ್ಲಿನ ಕನ್ನಡಿಗರಿಗಾಗಿ ಬರೆಯುವವರಿಗೆ ಗ್ರಾಹಕರ ಹಿತ ಕಾಯುವ ಅಲ್ಲಿನ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್‌ನ ನಿಯಮಗಳೂ ಅನ್ವಯಿಸುತ್ತವೆ. ತಿರುಳು ಒಂದೇ: ಓದುಗರಿಗೆ ಅರ್ಥವಾಗುವ ಮಾತಿನಲ್ಲಿ, ಲಿಂಕಿನ ಹತ್ತಿರದಲ್ಲೇ ಹೇಳಿ.

ಸ್ವಂತ ಜಾಲತಾಣ ಇದ್ದವರಿಗೆ ಒಂದು ತಾಂತ್ರಿಕ ಮಾತು. ಲಿಂಕಿನ ಕೋಡ್‌ನಲ್ಲಿ rel="sponsored" ಎಂದು ಸೇರಿಸಿ. ದುಡ್ಡಿನ ಸಂಬಂಧವಿರುವ ಲಿಂಕ್‌ಗಳಿಗಾಗಿ ಗೂಗಲ್ 2019ರಲ್ಲಿ ತಂದ ಗುರುತು ಅದು.

5. ವಿಶೇಷಣ ತೆಗೆದು ಅಳತೆ ಇಡಿ

ಕರಡು ಮುಗಿದ ಮೇಲೆ ಕೆಂಪು ಪೆನ್ನು ಹಿಡಿದು ‘ಅದ್ಭುತ’, ‘ಸೂಪರ್’, ‘ನಂಬರ್ ಒನ್’, ‘ಬೆಸ್ಟ್’ ಎಂಬ ಪದಗಳಿಗೆಲ್ಲ ಸುತ್ತು ಹಾಕಿ. ಒಂದೊಂದನ್ನೂ ‘ಎಷ್ಟು? ಯಾವುದಕ್ಕಿಂತ? ನಾನೇ ನೋಡಿದೆನೇ?’ ಎಂದು ಕೇಳಿ. ಉತ್ತರವಿದ್ದರೆ ಆ ಪದದ ಜಾಗದಲ್ಲಿ ಉತ್ತರವನ್ನೇ ಬರೆಯಿರಿ. ಇಲ್ಲದಿದ್ದರೆ ಪದವನ್ನೇ ಹೊಡೆದುಹಾಕಿ.

‘ಶಬ್ದವೇ ಇಲ್ಲದ ಅದ್ಭುತ ಮಿಕ್ಸಿ’ ಎಂಬುದರ ಬದಲು ‘ಅಡುಗೆಮನೆಯ ಬಾಗಿಲು ಹಾಕಿದರೆ ಹಾಲ್‌ನಲ್ಲಿ ಮಲಗಿದ ಮಗು ಏಳಲಿಲ್ಲ, ಬಾಗಿಲು ತೆರೆದಿದ್ದಾಗ ಎದ್ದಿತು’ ಎಂದು ಬರೆಯಿರಿ. ‘750 ವ್ಯಾಟ್‌ನ ದೈತ್ಯ ಶಕ್ತಿ’ ಎಂಬುದಕ್ಕೆ ಬದಲಾಗಿ ‘ಒಣ ಅರಿಸಿನ ಕೊಂಬನ್ನು ಕುಟ್ಟಿ ತುಂಡು ಮಾಡಿ ಹಾಕಿದರೆ ಪುಡಿಯಾಗುತ್ತದೆ, ಇಡಿಯಾಗಿ ಹಾಕಿದರೆ ಸಿಕ್ಕಿಕೊಳ್ಳುತ್ತದೆ’ ಎನ್ನಿ. ಬದಲಿಸಿದ ವಾಕ್ಯಗಳು ಹೊಗಳಿಕೆಗಿಂತ ಹೆಚ್ಚು ಮಾರುತ್ತವೆ ಎಂಬುದು ನನ್ನ ನಂಬಿಕೆ. ಓದುವವರಿಗೆ ತಮ್ಮ ಅಡುಗೆಮನೆ ಅದರಲ್ಲಿ ಕಾಣುತ್ತದೆ.

ಅಂದಮಾತ್ರಕ್ಕೆ ಮೆಚ್ಚಿದ್ದನ್ನು ಮೆಚ್ಚಲು ಹಿಂಜರಿಯಬೇಡಿ. ಪ್ರಾಮಾಣಿಕ ಎನಿಸಿಕೊಳ್ಳಬೇಕೆಂದು ಇಲ್ಲದ ತಪ್ಪು ಹುಡುಕುವವರೂ ಇದ್ದಾರೆ, ಅದೂ ಸುಳ್ಳೇ. ಐದು ವರ್ಷ ಬಳಸಿದರೂ ತೊಂದರೆ ಕೊಡದ ವಸ್ತುವಿನ ಬಗ್ಗೆ ‘ಇದು ನನಗೆ ತುಂಬಾ ಇಷ್ಟ’ ಎಂದು ತುಂಬು ಮನಸ್ಸಿನಿಂದ ಬರೆಯಿರಿ.

6. ಹೋಲಿಸುವಾಗ ಕಮಿಷನ್ ದರವನ್ನು ಪಕ್ಕಕ್ಕಿಡಿ

‘ಟಾಪ್ 10’ ಪಟ್ಟಿಗಳು ಹೆಚ್ಚು ಓದಿಸಿಕೊಳ್ಳುತ್ತವೆ, ಹೆಚ್ಚು ದಾರಿ ತಪ್ಪಿಸುವವೂ ಅವೇ. ಹತ್ತು ಮಿಕ್ಸಿ ಬಳಸಿ ನೋಡಿದವರು ಎಷ್ಟು ಜನ? ಮೂರನ್ನೇ ಬಳಸಿದ್ದರೆ ಮೂರನ್ನೇ ಹೋಲಿಸಿ, ‘ಮೂರನ್ನೇ ಬಳಸಿದ್ದೇನೆ’ ಎಂದೇ ಹೇಳಿ. ಕ್ರಮಾಂಕ ಕೊಟ್ಟ ಮೇಲೆ, ಕಮಿಷನ್ ಎಲ್ಲಕ್ಕೂ ಒಂದೇ ಆಗಿದ್ದರೂ ಇದೇ ಕ್ರಮ ಉಳಿಯುತ್ತಿತ್ತೇ ಎಂದು ಕೇಳಿಕೊಳ್ಳಿ. ಕಮಿಷನ್ ಸಿಗದ ವಸ್ತು ಹೆಚ್ಚು ಚೆನ್ನಾಗಿದ್ದರೆ ಅದನ್ನೂ ಸೇರಿಸಿ. ಊರಿನ ಪಾತ್ರೆ ಅಂಗಡಿಯಲ್ಲಿ ಅದೇ ಮಾಡೆಲ್ ಕಡಿಮೆಗೆ ಸಿಗುತ್ತಿದ್ದರೆ ಆ ಮಾತನ್ನೂ ಬರೆಯಿರಿ.

ವೆಬ್ ಹೋಸ್ಟಿಂಗ್‌ನಂಥ (ಜಾಲತಾಣ ಇಡಲು ಬಾಡಿಗೆ ಜಾಗ ಕೊಡುವ) ಚಂದಾ ಸೇವೆಗಳ ಬಗ್ಗೆ ಬರೆಯುವವರು ಒಂದನ್ನು ಮರೆಯಬೇಡಿ: ಮೊದಲ ಅವಧಿಯ ಬೆಲೆ ಕಡಿಮೆ ಇಟ್ಟು, ನವೀಕರಿಸುವಾಗ ಹಲವು ಪಟ್ಟು ಏರಿಸುವುದು ಅಲ್ಲಿ ಮಾಮೂಲು. ನವೀಕರಣದ ಬೆಲೆ ಹೇಳದ ವಿಮರ್ಶೆ ಅರ್ಧ ಸತ್ಯ.

7. ಬೆಲೆ ಮತ್ತು ಆತುರ

ಬೆಲೆಯನ್ನು ಲೇಖನದಲ್ಲಿ ಟೈಪ್ ಮಾಡಿ ಇಡಬೇಡಿ. ಅದು ದಿನವೂ ಬದಲಾಗುತ್ತದೆ. ಅಮೆಜಾನ್‌ನ ಒಪ್ಪಂದವೂ ಅವರೇ ಒದಗಿಸುವ ವ್ಯವಸ್ಥೆಯ ಮೂಲಕವಲ್ಲದೆ ಬೆಲೆ ತೋರಿಸಲು ಬಿಡುವುದಿಲ್ಲ, ಅಲ್ಲಿನ ಗ್ರಾಹಕರ ಅಭಿಪ್ರಾಯಗಳನ್ನು ನಕಲು ಮಾಡಲೂ ಬಿಡುವುದಿಲ್ಲ. ನಿಮ್ಮ ಲಿಂಕ್‌ನಿಂದ ನೀವೇ ಕೊಂಡು ಕಮಿಷನ್ ಪಡೆಯುವಂತೆಯೂ ಇಲ್ಲ. ಇವುಗಳಿಂದ ಖಾತೆ ಮುಚ್ಚಿಸಿಕೊಳ್ಳುವ ಅಪಾಯವಿದೆ.

‘ಇವತ್ತೇ ಕೊನೆ’, ‘ಎರಡೇ ಉಳಿದಿವೆ’ ಎಂಬ ಮಾತುಗಳನ್ನು ನಿಜವಲ್ಲದಿದ್ದರೆ ಬರೆಯಬಾರದು. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ‘ಡಾರ್ಕ್ ಪ್ಯಾಟರ್ನ್’ ಎಂದು, ಅಂದರೆ ಕೊಳ್ಳುವವರನ್ನು ಮರುಳು ಮಾಡುವ ತಂತ್ರಗಳೆಂದು, 13 ಬಗೆಗಳನ್ನು ಪಟ್ಟಿ ಮಾಡಿತು. ಸುಳ್ಳು ಆತುರ ಹುಟ್ಟಿಸುವುದು ಅವುಗಳಲ್ಲಿ ಒಂದು. ಲೇಖನದ ವೇಷ ಹಾಕಿದ ಜಾಹೀರಾತು ಇನ್ನೊಂದು.

8. ಕಂಪನಿಯಿಂದ ಮೇಲ್ ಬಂದಾಗ

ಸ್ವಲ್ಪ ಹೆಸರು ಬಂದ ಮೇಲೆ ‘ಪುಕ್ಕಟೆ ಕಳುಹಿಸುತ್ತೇವೆ, ಪಾಸಿಟಿವ್ ಆಗಿ ಬರೆಯಿರಿ’ ಎಂಬ ಮೇಲ್‌ಗಳು ಬರುತ್ತವೆ. ಒಪ್ಪುವ ಮೊದಲೇ ಈ ಮೂರು ಮಾತು ಬರೆದು ಕಳುಹಿಸಿ: ಪುಕ್ಕಟೆ ಬಂದದ್ದು ಎಂದು ಓದುಗರಿಗೆ ಹೇಳುತ್ತೇನೆ. ಕಂಡ ಕೊರತೆ ಬರೆಯುತ್ತೇನೆ. ಪ್ರಕಟಿಸುವ ಮೊದಲು ತಪ್ಪು ಮಾಹಿತಿ ತಿದ್ದಲು ನೀವು ನೋಡಬಹುದು, ಅಭಿಪ್ರಾಯ ಬದಲಿಸಲು ಅಲ್ಲ. ಕೆಲವರು ಉತ್ತರ ಕೊಡುವುದೇ ಇಲ್ಲ. ಅಂಥವರ ವಸ್ತು ನಿಮ್ಮ ಮನೆಗೆ ಬರದಿದ್ದದ್ದೇ ಒಳ್ಳೆಯದಾಯಿತು.

ಪ್ರಕಟವಾದ ಮೇಲೆ ಕೊರತೆಯ ಸಾಲು ತೆಗೆಯಿರಿ ಎಂದು ಕೇಳಿದರೆ, ಅದು ತಪ್ಪೆಂದು ತೋರಿಸಲು ಹೇಳಿ. ತೋರಿಸಿದರೆ ತಿದ್ದಿ, ತಿದ್ದಿದ್ದೀರಿ ಎಂದೂ ಬರೆಯಿರಿ. ತೋರಿಸದಿದ್ದರೆ ಸಾಲು ಅಲ್ಲೇ ಇರಲಿ.

9. ಆರು ತಿಂಗಳಿಗೊಮ್ಮೆ ಹಿಂದಿರುಗಿ ನೋಡಿ

ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳಿ. ಮಾಡೆಲ್ ಇನ್ನೂ ಸಿಗುತ್ತಿದೆಯೇ, ಅದೇ ಹೆಸರಿನಲ್ಲಿ ಒಳಗಿನ ಭಾಗ ಬದಲಾಗಿದೆಯೇ, ಓದುಗರು ಬರೆದ ದೂರುಗಳಲ್ಲಿ ಒಂದೇ ವಿಷಯ ಮತ್ತೆ ಮತ್ತೆ ಬರುತ್ತಿದೆಯೇ ನೋಡಿ. ಯಾರಾದರೂ ಕೆಟ್ಟ ವಸ್ತು ಬಂದು, ಅಂಗಡಿಯೂ ಕಂಪನಿಯೂ ಕೇಳುತ್ತಿಲ್ಲ ಎಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಲು ಹೇಳಿ. ಆ ಸಂಖ್ಯೆಯನ್ನು ಲೇಖನದಲ್ಲೇ ಹಾಕಿಟ್ಟರೆ ಇನ್ನೂ ಒಳ್ಳೆಯದು.

ಬದಲಾದದ್ದನ್ನು ಹಳೆಯ ಸಾಲುಗಳ ನಡುವೆ ಸದ್ದಿಲ್ಲದೆ ಸೇರಿಸಬೇಡಿ. ಮೇಲ್ಗಡೆ, ದಿನಾಂಕದೊಂದಿಗೆ, ಹೀಗೆ ಹಾಕಿ: ‘ಏಳು ತಿಂಗಳ ಬಳಕೆಯ ನಂತರ: ಚಟ್ನಿ ಜಾರ್‌ನ ವಾಷರ್ ಸಡಿಲವಾಗಿ ಸೋರಲು ಶುರುವಾಗಿದೆ. ಹೊಸ ವಾಷರ್ ಹಾಕಿದ ಮೇಲೆ ನಿಂತಿದೆ. ಮೊದಲ ಲೇಖನದಲ್ಲಿ ಜಾರ್‌ಗಳ ಬಗ್ಗೆ ದೂರಿಲ್ಲ ಎಂದು ಬರೆದಿದ್ದೆ. ಈಗ ಆ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಮೋಟಾರ್ ಮಾತ್ರ ಮೊದಲಿನಂತೆಯೇ ಇದೆ.’